ಸ್ಟಿರಾಯ್ಡ್ ಮಾತ್ರೆ ಮತ್ತು ಮಲಗಿದ ಗ್ರಂಥಿ

ಗಂಟುನೋವಿಗೋ ಉಬ್ಬಸಕ್ಕೋ ಚರ್ಮದ ತುರಿಕೆಗೋ ತಿಂಗಳುಗಟ್ಟಲೆ ಸಣ್ಣದೊಂದು ಮಾತ್ರೆ ನುಂಗಿದವರು ನಮ್ಮಲ್ಲಿ ಕಡಿಮೆಯಿಲ್ಲ. ನುಂಗಿದ ಎರಡು ಮೂರು ದಿನಗಳಲ್ಲೇ ನೋವು ಇಳಿಯುತ್ತದೆ, ಹಸಿವು ಹೆಚ್ಚುತ್ತದೆ, ಮೈಗೆ ಹುರುಪು ಬರುತ್ತದೆ. ಕೊಟ್ಟವರ ಕೈಗುಣದ ಸುದ್ದಿ ಊರೆಲ್ಲ ಹಬ್ಬುತ್ತದೆ. ಮತ್ತೆ ಡಾಕ್ಟರರನ್ನು ಕಾಣದೆ, ಹಳೆಯ ಚೀಟಿಯನ್ನೇ ತೋರಿಸಿ ಅಂಗಡಿಯಿಂದ ಅದೇ ಮದ್ದನ್ನು ತರಿಸುವುದು ರೂಢಿಯಾಗುತ್ತದೆ. ಹೀಗೆ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಮುಖ ದುಂಡಗೆ ಊದಿ, ಹೊಟ್ಟೆ ಬೆಳೆದು, ಕೈಕಾಲು ಸಣ್ಣಗಾಗಿ, ಚರ್ಮ ತೆಳುವಾಗಿ ಮುಟ್ಟಿದಲ್ಲೆಲ್ಲ ಕಂದುತ್ತದೆ. ರಕ್ತದಲ್ಲಿ ಸಕ್ಕರೆಯೂ ಏರುತ್ತದೆ. ಆಗ ಮನೆಯವರಿಗೆ ಹೆದರಿಕೆಯಾಗಿ ಮಾತ್ರೆಯನ್ನು ಒಂದೇ ಸಲಕ್ಕೆ ನಿಲ್ಲಿಸಿಬಿಡುತ್ತಾರೆ. ನಿಜವಾದ ಅಪಾಯ ಇರುವುದು ಹಾಗೆ ನಿಲ್ಲಿಸುವುದರಲ್ಲಿ.

ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಯಂತೆ ಕುಳಿತ ಎರಡು ಪುಟ್ಟ ಗ್ರಂಥಿಗಳಿವೆ. ಅಡ್ರಿನಲ್ ಎಂದು ಅವುಗಳ ಹೆಸರು. ಕಾರ್ಟಿಸೋಲ್ ಎಂಬ ಹಾರ್ಮೋನು ಅಲ್ಲಿ ತಯಾರಾಗುತ್ತದೆ. ರಕ್ತದೊತ್ತಡ ಕುಸಿಯದಂತೆ, ಸಕ್ಕರೆ ಇಳಿಯದಂತೆ ನೋಡಿಕೊಳ್ಳುವುದು, ಜ್ವರ, ಗಾಯ, ಶಸ್ತ್ರಚಿಕಿತ್ಸೆಗಳ ಹೊಡೆತವನ್ನು ದೇಹ ತಾಳಿಕೊಳ್ಳುವಂತೆ ಮಾಡುವುದು ಅದರ ಕೆಲಸ. ಎಷ್ಟು ತಯಾರಾಗಬೇಕೆಂಬ ಆಜ್ಞೆ ಬರುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಮೊದಲಾದ ಸ್ಟಿರಾಯ್ಡ್ ಮದ್ದುಗಳು ಕಾರ್ಟಿಸೋಲಿನ ದಾಯಾದಿಗಳೇ. ಹೊರಗಿನಿಂದ ಧಾರಾಳವಾಗಿ ಬರುತ್ತಿರುವಾಗ ಪಿಟ್ಯುಟರಿಯು ಆಜ್ಞೆ ಕೊಡುವುದನ್ನು ಬಿಡುತ್ತದೆ. ಕೆಲಸವಿಲ್ಲದ ಅಡ್ರಿನಲ್ ಕುಗ್ಗಿ ಮಲಗಿಬಿಡುತ್ತದೆ. ಅದು ಎಚ್ಚರಗೊಳ್ಳುವುದಕ್ಕೆ ಮುಂಚೆ ಮಾತ್ರೆ ನಿಂತರೆ ದೇಹಕ್ಕೆ ಒಳಗಿನದೂ ಇಲ್ಲ, ಹೊರಗಿನದೂ ಇಲ್ಲ.

ಇದು ಹೊಸದಾಗಿ ಗೊತ್ತಾದ ಸಂಗತಿಯೇನಲ್ಲ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅವರು ಸಂಧಿವಾತದ ರೋಗಿಯೊಬ್ಬಳಿಗೆ ಕಾರ್ಟಿಸೋನ್ ಚುಚ್ಚಿ ಪವಾಡವೆನ್ನುವಂಥ ಗುಣ ಕಂಡರು. 1950ರಲ್ಲಿ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಬಹುಮಾನ ಬಂತು. ಎರಡೇ ವರ್ಷಗಳಲ್ಲಿ, 1952ರಲ್ಲಿ, ಕಾರ್ಟಿಸೋನ್ ತೆಗೆದುಕೊಂಡಿದ್ದ ಸಂಧಿವಾತದ ರೋಗಿಯೊಬ್ಬ ಶಸ್ತ್ರಚಿಕಿತ್ಸೆಯ ಬಳಿಕ ರಕ್ತದೊತ್ತಡ ಕುಸಿದು ತೀರಿಕೊಂಡ ವರದಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವನ ಅಡ್ರಿನಲ್ ಗ್ರಂಥಿಗಳು ಬತ್ತಿಹೋಗಿದ್ದವು. ಬಹುಮಾನದ ಸುದ್ದಿ ಎಲ್ಲರನ್ನೂ ಮುಟ್ಟಿತು, ಈ ಎಚ್ಚರಿಕೆ ಮಾತ್ರ ಇಂದಿಗೂ ಮದ್ದಿನಂಗಡಿಯ ಕಟ್ಟೆಯ ತನಕ ಬಂದಂತಿಲ್ಲ.

ಮಾತ್ರೆ ಬಿಟ್ಟವರಿಗೆ ಆಗುವುದೇನು? ತೀರದ ಸುಸ್ತು, ಊಟ ಸೇರದಿರುವುದು, ಓಕರಿಕೆ, ಎದ್ದು ನಿಂತರೆ ತಲೆ ಸುತ್ತುವುದು, ಮೈಕೈ ನೋವು. ಇದನ್ನು ಮನೆಯವರು ಸೋಮಾರಿತನವೆಂದೋ ಹಳೆಯ ಕಾಯಿಲೆ ಮರಳಿತೆಂದೋ ತಿಳಿಯುವುದುಂಟು. ಅಂಥ ಸ್ಥಿತಿಯಲ್ಲಿ ಒಂದು ಜೋರಾದ ಜ್ವರವೋ ವಾಂತಿಭೇದಿಯೋ ಬಂದರೆ ಪ್ರಾಣಕ್ಕೇ ಸಂಚಕಾರ.

ಅಂತಃಸ್ರಾವ ತಜ್ಞರನ್ನು, ಎಂದರೆ ಹಾರ್ಮೋನು ಡಾಕ್ಟರರನ್ನು, ಕಾಣಬೇಕಾದುದು ಇಂಥವರು. ಹೋಗುವಾಗ ಹಳೆಯ ಚೀಟಿಗಳನ್ನೂ ಖಾಲಿ ಮಾತ್ರೆಪಟ್ಟಿಗಳನ್ನೂ ಒಂದೂ ಬಿಡದೆ ಒಯ್ಯಬೇಕು. ಉಬ್ಬಸಕ್ಕೆ ಎಳೆಯುವ ಪಂಪು, ಮೊಣಕಾಲಿಗೆ ಚುಚ್ಚಿಸಿಕೊಂಡ ಇಂಜೆಕ್ಷನ್, ಮುಖ ಬೆಳ್ಳಗಾಗಲೆಂದು ಹಚ್ಚಿದ ಕ್ರೀಮು ಇವುಗಳಲ್ಲೂ ಸ್ಟಿರಾಯ್ಡ್ ಇರಬಹುದು. ಹೆಸರಿಲ್ಲದ ಪೊಟ್ಟಣದ ಪುಡಿಯನ್ನಂತೂ ಮುಚ್ಚಿಡಬಾರದು. ಗಿಡಮೂಲಿಕೆಯೆಂದು ಮಾರುವ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತಿದ್ದುದು ಪರೀಕ್ಷೆಗಳಲ್ಲಿ ಹಲವು ಸಲ ಸಿಕ್ಕಿಬಿದ್ದಿದೆ. ನಾಚಿಕೆಯಿಂದ ಅದೊಂದನ್ನು ಹೇಳದೆ ಬಿಟ್ಟರೆ ಡಾಕ್ಟರರ ಲೆಕ್ಕವೇ ತಪ್ಪುತ್ತದೆ.

ತಜ್ಞರು ಬೆಳಿಗ್ಗೆ ಎಂಟು ಒಂಬತ್ತು ಗಂಟೆಯೊಳಗೆ ರಕ್ತ ತೆಗೆಸಿ ಕಾರ್ಟಿಸೋಲ್ ಅಳೆಯಿಸುತ್ತಾರೆ. ದಿನದಲ್ಲಿ ಅದು ಅತಿ ಹೆಚ್ಚಿರುವುದು ಆ ಹೊತ್ತಿಗೆ. ಮಧ್ಯಾಹ್ನ ಕೊಟ್ಟ ರಕ್ತದಿಂದ ಪ್ರಯೋಜನ ಕಡಿಮೆ. ಪರೀಕ್ಷೆಗೆ ಮುಂಚೆ ಮಾತ್ರೆಯನ್ನು ಎಷ್ಟು ಹೊತ್ತು ತಡೆಯಬೇಕೆಂಬುದನ್ನು ಅವರೇ ಹೇಳಬೇಕು, ನಾವಾಗಿ ತಡೆಯಬಾರದು. ಗರ್ಭನಿರೋಧಕ ಮಾತ್ರೆ ನುಂಗುವ ಹೆಂಗಸರು ಅದನ್ನೂ ತಿಳಿಸಬೇಕು, ಏಕೆಂದರೆ ಅದರಿಂದ ಅಂಕಿ ಸುಳ್ಳಾಗಿ ಏರಿ ಕಾಣುತ್ತದೆ. 2024ರಲ್ಲಿ ಯುರೋಪು ಮತ್ತು ಅಮೆರಿಕದ ಹಾರ್ಮೋನು ತಜ್ಞರ ಸಂಘಗಳು ಜೊತೆಗೂಡಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಡೆಸಿಲೀಟರಿಗೆ ಸುಮಾರು 10 ಮೈಕ್ರೋಗ್ರಾಮಿಗಿಂತ ಮೇಲಿದ್ದರೆ ಗ್ರಂಥಿ ಎದ್ದಿದೆಯೆಂದು ಅರ್ಥ. 5ಕ್ಕಿಂತ ಕೆಳಗಿದ್ದರೆ ಇನ್ನೂ ಮಲಗಿದೆ, ಮಾತ್ರೆ ಮುಂದುವರಿಸಿ ಕೆಲವು ತಿಂಗಳ ಬಳಿಕ ಮತ್ತೆ ನೋಡಬೇಕು. ನಡುವಿನ ಅಂಕಿ ಬಂದವರಿಗೆ ಗ್ರಂಥಿಯನ್ನು ಕೆಣಕಿ ನೋಡುವ ಇನ್ನೊಂದು ಇಂಜೆಕ್ಷನ್ ಪರೀಕ್ಷೆಯಿದೆ. ಮೂರು ನಾಲ್ಕು ವಾರಗಳೊಳಗೆ ಮುಗಿದ ಚಿಕಿತ್ಸೆಗೆ ಈ ಭಯವಿಲ್ಲವೆಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ಆದುದರಿಂದ ಐದು ದಿನದ ಮಾತ್ರೆ ಬರೆದುಕೊಟ್ಟ ಡಾಕ್ಟರರ ಮೇಲೆ ಯಾರೂ ಸಂಶಯಪಡಬೇಕಾಗಿಲ್ಲ.

ಉಳಿದವರಿಗೆ ಇಳಿಸುವ ಕ್ರಮ ನಿಧಾನದ್ದು. ಪ್ರೆಡ್ನಿಸೋಲೋನ್ ದಿನಕ್ಕೆ 5 ಮಿಲಿಗ್ರಾಮಿನ ಆಸುಪಾಸಿಗೆ ಬರುವ ತನಕ ಸ್ವಲ್ಪ ಬೇಗ ಇಳಿಸಬಹುದು. ದೇಹ ತಾನಾಗಿ ತಯಾರಿಸುವುದು ಹೆಚ್ಚುಕಡಿಮೆ ಅಷ್ಟಕ್ಕೆ ಸಮ. ಅಲ್ಲಿಂದ ಕೆಳಗೆ ಹೆಜ್ಜೆ ಹೆಜ್ಜೆಗೂ ತಡ. ಪೂರ್ತಿ ಬಿಡಲು ತಿಂಗಳುಗಳು ಬೇಕು, ಕೆಲವರಿಗೆ ವರ್ಷ ದಾಟುವುದೂ ಉಂಟು. ಈ ಅವಧಿಯಲ್ಲಿ ಜ್ವರ ಬಂದರೆ ಮಾತ್ರೆಯ ಪ್ರಮಾಣವನ್ನು ಎಷ್ಟು ಹೆಚ್ಚಿಸಬೇಕೆಂದು ಮೊದಲೇ ಕೇಳಿ ಬರೆಸಿಕೊಂಡಿರಬೇಕು. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಬೆಳಗಾಗಲೆಂದು ಕಾಯಬಾರದು. ಹತ್ತಿರದ ಆಸ್ಪತ್ರೆಗೆ ಧಾವಿಸಬೇಕು. ಅಲ್ಲಿ ಕೊಡಬೇಕಾದುದು ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಇಂಜೆಕ್ಷನ್ ಮತ್ತು ಸಲೈನು. ಹಲ್ಲು ಕೀಳಿಸುವುದಿದ್ದರೂ ಶಸ್ತ್ರಚಿಕಿತ್ಸೆಯಿದ್ದರೂ ಮುಂಚಿತವಾಗಿ ತಿಳಿಸಬೇಕು.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ತಾಪತ್ರಯ. ತಜ್ಞ ಚಿಕಿತ್ಸೆಗೆ ಮಂಗಳೂರಿಗೆ ಹೋಗುವುದು ರೂಢಿ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಒಂದು ದಿನವೂ ತಪ್ಪಿಸಬಾರದ ಈ ಮಾತ್ರೆಯನ್ನು ಮನೆಯಲ್ಲಿ ತಿಂಗಳಿಗಾಗುವಷ್ಟು ಹೆಚ್ಚಿಗೆ ಇಟ್ಟುಕೊಳ್ಳುವುದು ಲೇಸು. ಜೇಬಿನಲ್ಲೊಂದು ಚೀಟಿಯೂ ಇರಲಿ. ತಾನು ಸ್ಟಿರಾಯ್ಡ್ ತೆಗೆದುಕೊಳ್ಳುವವನು, ಹಠಾತ್ತಾಗಿ ನಿಲ್ಲಿಸಬಾರದು, ಪ್ರಜ್ಞೆ ತಪ್ಪಿದರೆ ಹೈಡ್ರೋಕಾರ್ಟಿಸೋನ್ ಕೊಡಬೇಕು ಎಂಬಷ್ಟನ್ನು ಡಾಕ್ಟರರಿಂದಲೇ ಬರೆಸಿ ಸಹಿ ಹಾಕಿಸಿಕೊಳ್ಳಬೇಕು. ನಡುರಾತ್ರಿ ಕಾಞಂಗಾಡಿನಲ್ಲೋ ಕಣ್ಣೂರಿನಲ್ಲೋ ಆಸ್ಪತ್ರೆ ಸೇರಬೇಕಾಗಿ ಬಂದರೆ ಅಲ್ಲಿನ ನರ್ಸಮ್ಮನಿಗೆ ಕನ್ನಡ ಓದಲು ಬರಬೇಕೆಂದಿಲ್ಲ. ಆದುದರಿಂದ ಚೀಟಿ ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಇರಲಿ. ಮನೆಯವರಿಗಾಗಿ ಅದರ ಕನ್ನಡ ಪ್ರತಿಯೊಂದು ಅಡಿಗೆಕೋಣೆಯ ಗೋಡೆಯಲ್ಲಿರಲಿ.