ಸುಮ್ಮನಿದ್ದರೆ ಒಪ್ಪಿದಂತಲ್ಲ

“ಸಿಸ್ಟರ್, ಹುಡುಗಿ ಬ್ಯಾಡ ಅನ್ನಲಿಲ್ಲಂದ್ರ ಒಪ್ಪಿದಂಗ ಅಲ್ಲೇನ್ರಿ?”

ಯುವಜನರ ಸಭೆಯೊಂದರಲ್ಲಿ ಪದವಿ ಓದುವ ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು. ಹಿಂದಿನ ಸಾಲಿನವರು ಕಿಸಕ್ಕನೆ ನಕ್ಕರು. ಹುಡುಗಿಯರು ತಲೆ ಬಗ್ಗಿಸಿದರು. ಆದರೆ ಹುಡುಗ ಚೇಷ್ಟೆಗೆ ಕೇಳಿರಲಿಲ್ಲ, ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹೇಳಿಕೊಟ್ಟವರಾದರೂ ಯಾರು? ಮನೆಯಲ್ಲಿ ಈ ಮಾತೇ ಎತ್ತುವಂತಿಲ್ಲ. ತರಗತಿಯಲ್ಲಿ ಸಂತಾನೋತ್ಪತ್ತಿಯ ಪಾಠ ಬಂದರೆ “ಮನೆಯಲ್ಲೇ ಓದಿಕೊಳ್ಳಿ” ಎನ್ನುವ ಶಿಕ್ಷಕರು ಇನ್ನೂ ಇದ್ದಾರೆ. ಉಳಿದದ್ದು ಸಿನಿಮಾ ಮತ್ತು ಮೊಬೈಲು. ಸಿನಿಮಾದಲ್ಲಿ ನಾಯಕಿ ಬೇಡ ಎಂದಷ್ಟೂ ನಾಯಕ ಬೆನ್ನು ಹತ್ತುತ್ತಾನೆ, ಕೊನೆಗೆ ಆಕೆ ಒಪ್ಪಿಯೇ ಒಪ್ಪುತ್ತಾಳೆ. ಹುಡುಗ ಕಲಿತದ್ದು ಅದನ್ನೇ.

ಹುಡುಗಿಯರಿಗೆ ನಾವು ಕಲಿಸಿದ್ದೇನು? ಹೆಣ್ಣು ನೋಡಲು ಬಂದಾಗ ತಲೆ ತಗ್ಗಿಸಿ ಕೂತರೆ “ನಮ್ಮ ಹುಡುಗಿ ಒಪ್ಪಿದಳು” ಎಂದು ಸಕ್ಕರೆ ಹಂಚುತ್ತೇವೆ. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ನಮ್ಮ ಬಾಯಲ್ಲಿ ಸಲೀಸಾಗಿ ಬರುತ್ತದೆ. ಹೆದರಿ ಸುಮ್ಮನಿದ್ದಾಳೋ, ನಾಚಿಕೆಯಿಂದ ಸುಮ್ಮನಿದ್ದಾಳೋ, ಇಷ್ಟವಿಲ್ಲದೆ ಸುಮ್ಮನಿದ್ದಾಳೋ ಎಂದು ಕೇಳುವವರಿಲ್ಲ.

ನ್ಯಾಯಾಲಯಗಳೂ ಒಂದು ಕಾಲದಲ್ಲಿ ಹೀಗೇ ಯೋಚಿಸಿದ್ದವು. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆದ ಆರೋಪ ಬಂತು. ಮೈಮೇಲೆ ಗಾಯದ ಗುರುತಿಲ್ಲ, ಆಕೆ ಪ್ರತಿಭಟಿಸಿದಂತೆ ಕಾಣುವುದಿಲ್ಲ ಎಂಬ ಕಾರಣಗಳನ್ನು ಮುಂದಿಟ್ಟು ಸುಪ್ರೀಂ ಕೋರ್ಟು ಇಬ್ಬರು ಪೊಲೀಸರನ್ನು ಬಿಟ್ಟಿತು. ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್ ಮೊದಲಾದ ನಾಲ್ವರು ಕಾನೂನು ಪ್ರಾಧ್ಯಾಪಕರು 1979ರಲ್ಲಿ ಆ ತೀರ್ಪನ್ನು ಪ್ರಶ್ನಿಸಿ ಬಹಿರಂಗ ಪತ್ರ ಬರೆದರು. ಹೆದರಿ ಶರಣಾಗುವುದು ಬೇರೆ, ಒಪ್ಪುವುದು ಬೇರೆ ಎಂಬುದು ಅವರ ವಾದ. ದೇಶದ ಮಹಿಳೆಯರು ಬೀದಿಗಿಳಿದರು, 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಆದರೂ ಸಮ್ಮತಿ ಎಂದರೇನು ಎಂದು ಕಾನೂನಿನಲ್ಲಿ ಬಿಡಿಸಿ ಬರೆಯಲು 2013ರವರೆಗೆ ಕಾಯಬೇಕಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲೂ ಅದೇ ವಿವರಣೆ ಇದೆ. ಸಮ್ಮತಿ ಎಂದರೆ ಸಂಶಯಕ್ಕೆ ಎಡೆಯಿಲ್ಲದಂತೆ, ಸ್ವಂತ ಇಚ್ಛೆಯಿಂದ, ಮಾತಿನಿಂದಲೋ ಸನ್ನೆಯಿಂದಲೋ ಆ ನಿರ್ದಿಷ್ಟ ಕ್ರಿಯೆಗೆ ಆಕೆ ಒಪ್ಪಿರಬೇಕು. ಮೈಯಿಂದ ಪ್ರತಿಭಟಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿದಳೆಂದು ತಿಳಿಯುವಂತಿಲ್ಲ.

“ಆ ನಿರ್ದಿಷ್ಟ ಕ್ರಿಯೆಗೆ” ಎಂಬ ಮಾತನ್ನು ಗಮನಿಸಿ. ಜೊತೆಗೆ ಚಹಾ ಕುಡಿದಳು, ಬೈಕಿನ ಹಿಂದೆ ಕೂತಳು, ರಾತ್ರಿ ಮೆಸೇಜು ಮಾಡಿದಳು ಎಂದರೆ ಅಷ್ಟಕ್ಕೆ ಮಾತ್ರ ಒಪ್ಪಿದ್ದಾಳೆ. ನಿನ್ನೆಯ ಹೂಂ ಇವತ್ತಿಗೆ ನಡೆಯುವುದಿಲ್ಲ. ಖಾಸಗಿ ಫೋಟೋದ ವಿಷಯವೂ ಹೀಗೇ. ತೆಗೆಯಲು ಒಪ್ಪಿದ್ದರೂ ಹಂಚಲು ಒಪ್ಪದಿದ್ದರೆ, ಅದನ್ನು ಇನ್ನೊಬ್ಬರಿಗೆ ಕಳಿಸುವುದು 77ನೇ ಕಲಮಿನಡಿ ಅಪರಾಧ. ಮನಸ್ಸಿಲ್ಲ ಎಂದು ಸ್ಪಷ್ಟಪಡಿಸಿದ ಮೇಲೂ ಬಸ್‌ಸ್ಟ್ಯಾಂಡಿನಿಂದ ಕಾಲೇಜು ಗೇಟಿನ ತನಕ ದಿನಾ ಹಿಂಬಾಲಿಸುವುದು 78ನೇ ಕಲಮಿನಲ್ಲಿ ಬರುತ್ತದೆ. ಸಿನಿಮಾ ನಾಯಕರಲ್ಲಿ ಎಷ್ಟೋ ಮಂದಿ ಈ ಕಲಮಿನಲ್ಲಿ ಒಳಗೆ ಹೋಗಬೇಕಾದವರೇ!

ನಮ್ಮಲ್ಲಿ ಕಾಲೇಜು ಎಂದರೆ ಪಿಯುಸಿಯೂ ಸೇರಿತು. ಅಲ್ಲಿ ಹೆಚ್ಚಿನವರಿಗೆ 16, 17 ವರ್ಷ. 2012ರ ಪೋಕ್ಸೊ ಕಾಯ್ದೆ ಬಂದ ಮೇಲೆ 18 ತುಂಬದವರ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಹುಡುಗರು ಜೈಲು ಸೇರಿದ್ದಾರೆ. ಧಾರವಾಡ ಹೈಕೋರ್ಟ್ ಪೀಠದ ಮುಂದೆ ಇಂಥದೇ ಮೊಕದ್ದಮೆ ಬಂದಿತ್ತು. 17 ವರ್ಷದ ಹುಡುಗಿ ಪ್ರೀತಿಸಿದವನ ಜೊತೆ ಹೋಗಿದ್ದಳು. ಕೇಸು ನಡೆಯುತ್ತಿರುವಾಗಲೇ ಅವರಿಗೆ ಮದುವೆಯಾಗಿ ಮಕ್ಕಳೂ ಆಗಿದ್ದರು. 2022ರ ನವೆಂಬರಿನಲ್ಲಿ ತೀರ್ಪು ಕೊಟ್ಟ ನ್ಯಾಯಮೂರ್ತಿಗಳು, ಒಪ್ಪಿಗೆಯ ವಯಸ್ಸಿನ ಬಗ್ಗೆ ಕಾನೂನು ಆಯೋಗ ಮತ್ತೆ ಯೋಚಿಸಲಿ ಎಂದರು. ಅದಕ್ಕಿಂತ ಮುಖ್ಯವಾಗಿ, 9ನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾನೂನು ತಿಳಿಸುವ ಪಾಠ ಸಿದ್ಧಪಡಿಸಲು ಶಿಕ್ಷಣ ಇಲಾಖೆಗೆ ಸೂಚಿಸಿದರು. ಆಯೋಗ 2023ರಲ್ಲಿ ವಯಸ್ಸು ಇಳಿಸುವುದು ಬೇಡವೆಂದು ವರದಿ ಕೊಟ್ಟಿತು. ಹಾಗಾಗಿ ವಯಸ್ಸು 18 ಎಂಬುದನ್ನು ಪಿಯುಸಿ ಮಕ್ಕಳಿಗೆ ಮೊದಲ ದಿನವೇ ತಿಳಿಸಬೇಕು.

ಇದನ್ನೆಲ್ಲ ಹೇಳಿಕೊಟ್ಟರೆ ಮಕ್ಕಳು ಕೆಡುತ್ತಾರೆ ಎನ್ನುವ ಹಿರಿಯರಿದ್ದಾರೆ. 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ ವಿರೋಧ ಎದ್ದಾಗ ಅದನ್ನು ತಡೆದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಧರ್ಮಸಭೆಯ ಬೋಧನೆ ಮಾತ್ರ ಈ ವಿಷಯದಲ್ಲಿ ಹೆದರಿಲ್ಲ. ಮಕ್ಕಳಿಗೆ ವಯಸ್ಸಿಗೆ ತಕ್ಕಂತೆ ವಿವೇಕದ ಲೈಂಗಿಕ ಶಿಕ್ಷಣ ಸಿಗಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿತು. ಬಲವಂತಕ್ಕೆ ಅಥವಾ ಭಯಕ್ಕೆ ಒಪ್ಪಿ ಆದ ಮದುವೆ ಧರ್ಮಸಭೆಯ ಕಾನೂನಿನಲ್ಲಿ ಮದುವೆಯೇ ಅಲ್ಲ. ಗುರುಗಳು ಪೀಠದ ಮುಂದೆ ಇಬ್ಬರನ್ನೂ ಬೇರೆಬೇರೆಯಾಗಿ ಕೇಳುವುದು ಶಾಸ್ತ್ರಕ್ಕಲ್ಲ. ಮದುವೆಯ ನಂತರವೂ ಸಂಗಾತಿಯ ಸ್ಥಿತಿ, ಇಚ್ಛೆ ನೋಡದೆ ಹೇರಿದ ಕೂಡುವಿಕೆ ನಿಜವಾದ ಪ್ರೀತಿಯಲ್ಲ ಎಂದು ಆರನೇ ಪೌಲ್ ಜಗದ್ಗುರುಗಳು 1968ರಲ್ಲಿ ಬರೆದಿದ್ದಾರೆ. ಗಬ್ರಿಯೇಲ ದೂತ ಕೂಡ ನಜರೇತಿನ ಮರಿಯಳ ಪ್ರಶ್ನೆಗೆ ಉತ್ತರ ಕೊಟ್ಟು, ಆಕೆ ಆಗಲಿ ಎನ್ನುವ ತನಕ ಕಾದ. ದೈಹಿಕ ಸಂಬಂಧ ಮದುವೆಗೆ ಸೇರಿದ್ದು ಎಂಬ ಬೋಧನೆಗೂ ಸಮ್ಮತಿಯ ಪಾಠಕ್ಕೂ ಜಗಳವಿಲ್ಲ.

ಇನ್ನು ನಮ್ಮ ಕಲ್ಯಾಣದ ನೆಲಕ್ಕೆ ಇದು ಹೊಸ ಮಾತೇನಲ್ಲ. ಅಕ್ಕಮಹಾದೇವಿ ಕೌಶಿಕ ರಾಜನಿಗೆ ಷರತ್ತು ಹಾಕಿದ್ದು, ಅವನು ಮಾತು ಮುರಿದಾಗ ಅರಮನೆ ಬಿಟ್ಟು ನಡೆದದ್ದು ಹರಿಹರನ ರಗಳೆಯಲ್ಲಿದೆ. ಆಕೆ ಬಂದು ಸೇರಿದ್ದು ಇದೇ ಕಲ್ಯಾಣದ ಶರಣರನ್ನು. ಒಲ್ಲೆ ಎನ್ನಲು ನಮ್ಮ ಭಾಷೆಯಲ್ಲಿ ಎರಡೇ ಅಕ್ಷರ ಸಾಕು.

ಹಾಗಾದರೆ ಕಾಲೇಜಿನಲ್ಲಿ ಕಲಿಸುವುದು ಹೇಗೆ? ವರ್ಷಕ್ಕೊಮ್ಮೆ ಮಹಿಳಾ ದಿನಾಚರಣೆಗೆ ಅಧಿಕಾರಿಯೊಬ್ಬರನ್ನು ಕರೆಸಿ, ಶಾಲು ಹೊದಿಸಿ, ಶಿಕ್ಷೆಗಳ ಪಟ್ಟಿ ಓದಿಸಿದರೆ ಏನೂ ಆಗದು. ನಾವು ನೋಡಿದಂತೆ, ಮೊದಲು ಹುಡುಗರು ಹುಡುಗಿಯರನ್ನು ಬೇರೆಬೇರೆ ಕೂಡಿಸಿ ಮಾತಾಡಬೇಕು. ಹುಡುಗರ ಜೊತೆ ಗಂಡಸರೇ ಮಾತಾಡಿದರೆ ಅವರು ಬಾಯಿ ಬಿಡುತ್ತಾರೆ. ಹೆಸರಿಲ್ಲದ ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿಸಿದರೆ ನಿಜವಾದ ಪ್ರಶ್ನೆಗಳು ಬರುತ್ತವೆ, ಕನ್ನಡ, ಮರಾಠಿ, ಉರ್ದು ಯಾವುದರಲ್ಲಾದರೂ ಬರೆಯಲಿ. ಎರಡನೇ ಸಲ ಇಬ್ಬರನ್ನೂ ಕೂಡಿಸಿ. ಕೇಳುವುದನ್ನೂ ಉತ್ತರಿಸುವುದನ್ನೂ ಬಾಯಿಬಿಟ್ಟು ಆಡಿಸಿ. “ನಿನ್ನ ಫೋಟೋ ಸ್ಟೇಟಸ್‌ಗೆ ಹಾಕ್ಲೇನು?” “ಬ್ಯಾಡ.” “ಆಯ್ತು.” ಇಷ್ಟೇ. ಈ “ಆಯ್ತು” ಎನ್ನುವುದೇ ಹುಡುಗರಿಗೆ ಕಷ್ಟದ ಪಾಠ. ಬೇಡ ಎಂದರೆ ತನ್ನ ಮರ್ಯಾದೆ ಹೋಯಿತು ಎಂದುಕೊಳ್ಳುತ್ತಾರೆ. ಒಲ್ಲೆ ಎನಿಸಿಕೊಂಡು ನಗುತ್ತಾ ಎದ್ದು ಹೋಗುವುದನ್ನು ಗಂಡುಮಕ್ಕಳಿಗೆ ಮನೆಯಲ್ಲೇ ರೂಢಿ ಮಾಡಿಸಬೇಕು.

ಇನ್ನೊಂದು ಮಾತು ತಂದೆತಾಯಿಗಳಿಗೆ. ನಾರಾಯಣಪುರದಂಥ ಹಳ್ಳಿಗಳಿಂದ ಬಸವಕಲ್ಯಾಣ, ಹುಮನಾಬಾದ್ ಕಾಲೇಜುಗಳಿಗೆ ಬಸ್ಸಿನಲ್ಲಿ ಓಡಾಡುವ ಹುಡುಗಿ, ತನಗೆ ಯಾರೋ ಕಾಟ ಕೊಟ್ಟರೆಂದು ಮನೆಯಲ್ಲಿ ಹೇಳುವುದಿಲ್ಲ. ಹೇಳಿದರೆ ಮರುದಿನದಿಂದ ಕಾಲೇಜು ಬಂದ್, ಮುಂದಿನ ಸುಗ್ಗಿಯೊಳಗೆ ಮದುವೆ ಎಂಬುದು ಅವಳಿಗೆ ಗೊತ್ತು. ತಪ್ಪು ಮಾಡಿದವನು ಆರಾಮಾಗಿ ಪರೀಕ್ಷೆ ಬರೆಯುತ್ತಾನೆ, ಇವಳ ಓದು ನಿಲ್ಲುತ್ತದೆ. “ನೀ ಹೇಳಿದ್ರ ನಿನ್ನ ಕಾಲೇಜು ಬಿಡಸಂಗಿಲ್ಲ” ಎಂದು ಮಗಳಿಗೆ ಇವತ್ತೇ ಮಾತು ಕೊಡಿ.

ದೂರು ಕೊಡುವುದಿದ್ದರೆ: 2015ರ ಯುಜಿಸಿ ನಿಯಮದಂತೆ ಪದವಿ ಕಾಲೇಜುಗಳಲ್ಲಿ ಆಂತರಿಕ ದೂರು ಸಮಿತಿ ಇರಲೇಬೇಕು. ವಿದ್ಯಾರ್ಥಿಗಳ ವಿಷಯ ಬಂದಾಗ ಅದರಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳೂ ಇರಬೇಕು. ಘಟನೆಯಾದ ಮೂರು ತಿಂಗಳೊಳಗೆ ಬರೆದು ಕೊಡಿ. ಸಮಿತಿಯವರ ಹೆಸರು ನೋಟಿಸ್ ಬೋರ್ಡಿನಲ್ಲಿ ಕಾಣದಿದ್ದರೆ ಪ್ರಾಂಶುಪಾಲರನ್ನು ಕೇಳಿ. ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ತುರ್ತಿಗೆ 112. ಪೊಲೀಸ್ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಅತ್ಯಾಚಾರಕ್ಕೊಳಗಾದವರಿಗೆ ಸರಕಾರಿಯಾಗಲಿ ಖಾಸಗಿಯಾಗಲಿ ಯಾವ ಆಸ್ಪತ್ರೆಯೂ ಪ್ರಥಮ ಚಿಕಿತ್ಸೆಗೆ ಹಣ ಕೇಳುವಂತಿಲ್ಲ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಮತ್ತು ಮಕ್ಕಳಿಗೆ ವಕೀಲರ ನೆರವು ಉಚಿತ. ಅದಕ್ಕೆ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಟ್ಟರೆ ಆಯಿತು.