ಆಸ್ಪತ್ರೆಯ ಹಾಸಿಗೆ ಮತ್ತು ವೃದ್ಧರ ಕಾಲಿನ ಬಲ

ಎಪ್ಪತ್ತು ದಾಟಿದವರು ನ್ಯುಮೋನಿಯಾ, ಮೂತ್ರದ ಸೋಂಕು ಮೊದಲಾದ ವ್ಯಾಧಿಗಳಿಂದ ಆಸ್ಪತ್ರೆ ಸೇರಿ, ಎಂಟು ಹತ್ತು ದಿನಗಳಲ್ಲಿ ಗುಣಮುಖರಾಗಿ ಮರಳುತ್ತಾರೆ. ಆದರೆ ತಾವೇ ನಡೆದು ಹೋದವರು ಬರುವಾಗ ಇಬ್ಬರ ಹೆಗಲ ಆಸರೆ ಬೇಡುತ್ತಾರೆ. ಮನೆಯವರು ವಯಸ್ಸನ್ನೋ ಔಷಧಗಳ ಉಷ್ಣವನ್ನೋ ದೂರುತ್ತಾರೆ. ನಾವು ಕಂಡಂತೆ ದೋಷದ ದೊಡ್ಡ ಪಾಲು ಹಾಸಿಗೆಯದು.

ಶರೀರದಲ್ಲಿ ಸ್ನಾಯುಗಳ ನಿರ್ಮಾಣ ಮತ್ತು ಕ್ಷಯ ಎರಡೂ ನಿತ್ಯ ನಡೆಯುತ್ತಿರುತ್ತವೆ. ಭಾರ ಹೊರದ ಕಾಲಿನಲ್ಲಿ ನಿರ್ಮಾಣ ತಗ್ಗುತ್ತದೆ. ಸೋಂಕು ಕ್ಷಯವನ್ನು ಹೆಚ್ಚಿಸುತ್ತದೆ. ಅರುಚಿಯಿಂದ ಆಹಾರವೂ ಕಡಿಮೆಯಾಗುತ್ತದೆ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ವೃದ್ಧರನ್ನೇ 10 ದಿನ ಹಾಸಿಗೆಯಲ್ಲಿ ಇರಿಸಲಾಗಿತ್ತು. ಸಾಮಾನ್ಯ ಪ್ರಮಾಣದ ಊಟವಿದ್ದರೂ ಅವರ ಕಾಲುಗಳಲ್ಲಿ, ಕೊಬ್ಬನ್ನು ಬಿಟ್ಟು, ಸುಮಾರು 1 ಕಿಲೋ ತೂಕ ಕರಗಿತು. ರೋಗಿಯ ಸ್ಥಿತಿಯನ್ನು ಇದರಿಂದಲೇ ಊಹಿಸಬಹುದು. ಮಾಂಸಧಾತು ಕ್ಷೀಣಿಸಿದಾಗ ಪಿರ್ರೆ, ಕತ್ತು, ಹೊಟ್ಟೆ ಒಣಗುತ್ತವೆಂದು ಚರಕಸಂಹಿತೆ ಹೇಳಿದೆ. ಪಿರ್ರೆ, ತೊಡೆಗಳು ಸೊರಗಿದವರಿಗೆ ನೆಲದ ಮೇಲೆ ಪೂಜೆಗೆ ಕುಳಿತು ಏಳುವುದು ಮೊದಲು ಕಷ್ಟವಾಗುತ್ತದೆ.

“ಏಳಬ್ಯಾಡ್ರಿ ಯಪ್ಪಾ, ಮಲಕೊಳ್ರಿ” ಎಂಬ ಮಕ್ಕಳ ಅಕ್ಕರೆಯ ಮಾತು ಇಲ್ಲಿ ಉಪಕಾರವಲ್ಲ. ಹಿರಿಯರು ಯಾವಾಗ ಕುಳಿತುಕೊಳ್ಳಬಹುದು, ಯಾವಾಗ ನಡೆಯಬಹುದು ಎಂಬುದನ್ನು ದಾಖಲಾದ ದಿನವೇ ವೈದ್ಯರಲ್ಲಿ ಕೇಳಿರಿ. ಅವರು ಸಮ್ಮತಿಸಿದರೆ ಊಟವೆಲ್ಲ ಕುರ್ಚಿಯಲ್ಲಿಯೇ ಆಗಲಿ. ಶೌಚಕ್ಕೆ ಕೈಹಿಡಿದು ನಡೆಸಿಕೊಂಡು ಹೋಗಿರಿ. ಮೂತ್ರದ ನಳಿಕೆ ಇನ್ನೂ ಅಗತ್ಯವೇ ಎಂದು ದಿನವೂ ವಿಚಾರಿಸಿರಿ. ಹಲವರನ್ನು ಹಾಸಿಗೆಗೆ ಕಟ್ಟಿಹಾಕುವುದು ಅದೇ. ಮನೆಯಿಂದ ಕನ್ನಡಕ, ಊರುಗೋಲು, ಜಾರದ ಚಪ್ಪಲಿ ತರುವುದನ್ನು ಮರೆಯಬಾರದು. ಏಳುವ ಮುನ್ನ ಕಾಲು ಇಳಿಬಿಟ್ಟು ಎರಡು ನಿಮಿಷ ಕುಳಿತರೆ ತಲೆಸುತ್ತು ಬಂದು ಬೀಳುವ ಭಯ ಕಡಿಮೆ. ಮೂಳೆ ಮುರಿದವರು, ಹೃದಯದ ತೀವ್ರ ತೊಂದರೆಯುಳ್ಳವರು ವೈದ್ಯರು ಹೇಳುವವರೆಗೆ ಏಳಕೂಡದು.

ಗಂಜಿಯ ವಿಷಯ. ಆಯುರ್ವೇದದ ಪಥ್ಯಕ್ರಮವು ಪೇಯದಿಂದ, ಅಂದರೆ ತೆಳು ಗಂಜಿಯಿಂದ, ಆರಂಭವಾಗುವುದು ನಿಜ. ಆದರೆ ಅದು ಅಲ್ಲಿಯೇ ನಿಲ್ಲುವುದಿಲ್ಲ. ಗಟ್ಟಿ ಗಂಜಿ, ಬೇಳೆಯ ಕಟ್ಟು ಎಂದು ಮೇಲೇರುತ್ತದೆ. ನಮ್ಮವರು ಮಾತ್ರ ಹತ್ತು ದಿನವೂ ಗಂಜಿ, ಬಿಸ್ಕತ್ತುಗಳಲ್ಲಿಯೇ ಕಳೆಯುತ್ತಾರೆ. ಅಸ್ವಸ್ಥ ವೃದ್ಧರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನು ಬೇಕೆಂಬುದು ತಜ್ಞರ ಸಲಹೆ. 50 ಕಿಲೋ ತೂಗುವವರಿಗೆ 60ರಿಂದ 75 ಗ್ರಾಂ. ಒಂದು ಬಟ್ಟಲು ತೆಳು ಗಂಜಿಯಲ್ಲಿ ಎರಡು ಮೂರು ಗ್ರಾಂ ಸಿಕ್ಕರೆ ಹೆಚ್ಚು. 200 ಮಿ.ಲೀ. ಹಾಲಿನಲ್ಲಿ ಸುಮಾರು 6 ಗ್ರಾಂ ಉಂಟು. 25 ಗ್ರಾಂ ಹೆಸರುಬೇಳೆಯಲ್ಲಿಯೂ ಅಷ್ಟೇ. ಆದುದರಿಂದ ಹೆಸರುಬೇಳೆಯ ಹುಗ್ಗಿ, ಮೊಸರು, ಹಾಲು, ಪನೀರು, ಜೀರ್ಣವಾದರೆ ಶೇಂಗಾ ಹಿಂಡಿ, ಇವನ್ನು ಸ್ವಲ್ಪಸ್ವಲ್ಪವಾಗಿ ಮೂರೂ ಹೊತ್ತು ಕೊಡಬೇಕು. ಮೂತ್ರಪಿಂಡದ ರೋಗವುಳ್ಳವರಿಗೆ ಈ ಲೆಕ್ಕ ಅನ್ವಯಿಸದು; ಅವರು ತಮ್ಮ ವೈದ್ಯರನ್ನು ಕೇಳತಕ್ಕದ್ದು.

ಮನೆಗೆ ಬಂದೊಡನೆ ಅಶ್ವಗಂಧ ಲೇಹ್ಯ ಬರೆದುಕೊಡಿರೆಂದು ನಮ್ಮಲ್ಲಿ ಬರುವವರು ಬಹಳ. ಲೇಹ್ಯಕ್ಕೆ ನಮ್ಮ ವಿರೋಧವಿಲ್ಲ, ಅಭ್ಯಂಗದಿಂದ ಬಿಗಿತವೂ ಇಳಿದೀತು. ಆದರೆ ಭಾರ ಹೊರದ ಕಾಲಿಗೆ ಇವುಗಳಿಂದಲೇ ಬಲ ಬಾರದು. ಗೋಡೆಗೆ ಒತ್ತಿದ ಗಟ್ಟಿ ಕುರ್ಚಿಯಿಂದ ಐದು ಬಾರಿ ಎದ್ದು ಕೂರುವುದನ್ನು ದಿನಕ್ಕೆ ಮೂರು ಹೊತ್ತು ಮಾಡಿಸಿ, ಕ್ರಮೇಣ ಹೆಚ್ಚಿಸಿರಿ. ಹಣೆ, ಮೂಗಿನ ಮೇಲೆ ಬೆವರು ಮೂಡಿ ಬಾಯಿ ಒಣಗಿದರೆ ಅರ್ಧಶಕ್ತಿ ವ್ಯಯವಾಯಿತೆಂದು ಆಯುರ್ವೇದ ಎಣಿಸುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಕಳೆದ ಬಲ ಮರಳಲು ತಿಂಗಳುಗಳೇ ಹಿಡಿಯಬಹುದು. ಎರಡು ಮೂರು ವಾರಗಳಾದರೂ ಆಸರೆಯಿಲ್ಲದೆ ಏಳಲಾಗದಿದ್ದರೆ ಫಿಸಿಯೋಥೆರಪಿ ತಜ್ಞರಿಗೆ ತೋರಿಸಿರಿ.