ಡಿಜಿಟಲ್ ಪಿಯಾನೋದ ಸಾಮಾನ್ಯ ದೋಷಗಳು

ಡಿಜಿಟಲ್ ಪಿಯಾನೋ ಎಂಬುದು ತಂತಿಗಳ ಬದಲಿಗೆ ವಿದ್ಯುನ್ಮಾನ ಮಂಡಲಗಳಿಂದ ಪಿಯಾನೋದ ನಾದವನ್ನು ಹೊರಡಿಸುವ ಕೀಲಿಮಣೆ ವಾದ್ಯ. ಪೂರ್ಣ ಪ್ರಮಾಣದ ಮಾದರಿಗಳಲ್ಲಿ ೮೮ ಕೀಲಿಗಳಿದ್ದು, ಅವುಗಳಲ್ಲಿ ೫೨ ಬಿಳಿಯವು, ೩೬ ಕಪ್ಪು. ತಂತಿಗಳಿಲ್ಲದ ಕಾರಣ ಈ ವಾದ್ಯಕ್ಕೆ ಕಾಲಕಾಲಕ್ಕೆ ಶ್ರುತಿ ಮಾಡಿಸುವ ಅಗತ್ಯವಿಲ್ಲ. ಆದರೆ ವಿದ್ಯುತ್ ಪೂರೈಕೆ, ಕೀಲಿಗಳ ಸಂವೇದಕ, ಪೆಡಲ್, ಸ್ಪೀಕರ್ ಹಾಗೂ ಒಳಗಿನ ಹೊಂದಾಣಿಕೆಗಳಿಗೆ ಸಂಬಂಧಿಸಿದ ತೊಂದರೆಗಳು ಇದರಲ್ಲಿ ಕಾಣಿಸಿಕೊಳ್ಳುತ್ತವೆ. ಇವುಗಳಲ್ಲಿ ಹಲವು ನಿಜವಾದ ಕೆಡುಕುಗಳಲ್ಲ. ತಿಳಿಯದೆ ಬದಲಾದ ಹೊಂದಾಣಿಕೆಯೋ ಸಡಿಲವಾದ ಜೋಡಣೆಯೋ ಕಾರಣವಾಗಿರುತ್ತದೆ. ಆದುದರಿಂದ ದುರಸ್ತಿಗೆ ಹಣ ತೆರುವ ಮೊದಲು ದೋಷವು ಯಾವ ಭಾಗದಲ್ಲಿದೆ ಎಂಬುದನ್ನು ಕ್ರಮವಾಗಿ ಗುರುತಿಸುವುದು ಮುಖ್ಯ.

ಕಾರ್ಯವಿಧಾನ

ಡಿಜಿಟಲ್ ಪಿಯಾನೋದ ಕೆಲಸವನ್ನು ಮೂರು ಹಂತಗಳಾಗಿ ವಿಂಗಡಿಸಬಹುದು. ಮೊದಲನೆಯದು ಸಂವೇದನೆ. ಬಹುತೇಕ ಮಾದರಿಗಳಲ್ಲಿ ಪ್ರತಿ ಕೀಲಿಯ ಕೆಳಗೆ ರಬ್ಬರಿನ ಗುಬ್ಬಿಗಳಿದ್ದು, ಅವುಗಳ ತುದಿಯಲ್ಲಿ ವಿದ್ಯುತ್ ಹರಿಯಬಲ್ಲ ಇಂಗಾಲದ ಲೇಪವಿರುತ್ತದೆ. ಕೀಲಿಯನ್ನು ಒತ್ತಿದಾಗ ಎರಡು ಅಥವಾ ಮೂರು ಸಂಪರ್ಕಗಳು ಒಂದರ ನಂತರ ಒಂದರಂತೆ ಮುಚ್ಚಿಕೊಳ್ಳುತ್ತವೆ. ಅವುಗಳ ನಡುವಿನ ಕಾಲಾಂತರ ಕಡಿಮೆಯಾದಷ್ಟೂ ಹೊಡೆತ ಬಲವಾದುದೆಂದು ವಾದ್ಯವು ತಿಳಿಯುತ್ತದೆ. ಎರಡನೆಯದು ನಾದೋತ್ಪತ್ತಿ. ಮೊದಲೇ ಧ್ವನಿಮುದ್ರಿಸಿ ಸಂಗ್ರಹಿಸಿದ ಅಥವಾ ಗಣಿತದ ಮಾದರಿಯಿಂದ ರೂಪಿಸಿದ ನಾದವನ್ನು ಸಂಸ್ಕಾರಕವು ಸಿದ್ಧಪಡಿಸುತ್ತದೆ. ಮೂರನೆಯದು ಧ್ವನಿವರ್ಧನೆ. ಆಂಪ್ಲಿಫೈಯರ್ ಹಾಗೂ ಸ್ಪೀಕರ್‌ಗಳು ಆ ನಾದವನ್ನು ಕಿವಿಗೆ ತಲುಪಿಸುತ್ತವೆ. ದೋಷವು ಈ ಮೂರರಲ್ಲಿ ಯಾವ ಹಂತದಲ್ಲಿದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ವಿದ್ಯುತ್ ಪೂರೈಕೆಯ ದೋಷಗಳು

ವಾದ್ಯವು ಚಾಲನೆಗೊಳ್ಳದಿದ್ದರೆ ಮೊದಲು ಗೋಡೆಯ ಸಾಕೆಟ್ಟಿಗೆ ಬೇರೊಂದು ಉಪಕರಣವನ್ನು ಜೋಡಿಸಿ ಅಲ್ಲಿ ವಿದ್ಯುತ್ ಇದೆಯೇ ಎಂದು ನೋಡಬೇಕು. ಅನಂತರ ಅಡಾಪ್ಟರಿನ ತಂತಿ ತಿರುಚಿಕೊಂಡಿದೆಯೇ, ಪಿನ್ ಸಡಿಲವಾಗಿದೆಯೇ ಎಂದು ಪರೀಕ್ಷಿಸಬೇಕು. ಬದಲಿ ಅಡಾಪ್ಟರ್ ಕೊಳ್ಳುವಾಗ ಮೂರು ಅಂಶಗಳನ್ನು ಗಮನಿಸಬೇಕು. ವೋಲ್ಟೇಜು ವಾದ್ಯದ ಮೇಲೆ ನಮೂದಿಸಿದಷ್ಟೇ ಇರಬೇಕು; ಆಂಪಿಯರ್ ಪ್ರಮಾಣ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚಿರಬೇಕು; ಪಿನ್ನಿನ ಒಳಭಾಗ ಧನವೋ ಋಣವೋ ಎಂಬ ಗುರುತು ಹೊಂದಿಕೆಯಾಗಬೇಕು.

ಅಮೆರಿಕದಿಂದ ತಂದ ವಾದ್ಯಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಅಲ್ಲಿನ ಮನೆಗಳ ವಿದ್ಯುತ್ ೧೨೦ ವೋಲ್ಟ್. ಭಾರತದಲ್ಲಿ ೨೩೦ ವೋಲ್ಟ್. ಅಡಾಪ್ಟರಿನ ಮೇಲೆ ೧೦೦–೨೪೦ ವೋಲ್ಟ್ ಎಂದು ಮುದ್ರಿತವಾಗಿದ್ದರೆ ಅದನ್ನು ಇಲ್ಲಿಯೂ ಬಳಸಬಹುದು. ೧೨೦ ಎಂದು ಮಾತ್ರವಿದ್ದರೆ ನೇರವಾಗಿ ಜೋಡಿಸಬಾರದು. ಜೋಡಿಸಿದರೆ ಸುಟ್ಟುಹೋಗುವ ಸಂಭವವಿದೆ.

ನುಡಿಸದೆ ಬಿಟ್ಟ ಸ್ವಲ್ಪ ಹೊತ್ತಿಗೆ ವಾದ್ಯವು ತಾನಾಗಿ ಆರಿಹೋಗುವುದು ಅನೇಕ ಮಾದರಿಗಳಲ್ಲಿ ವಿದ್ಯುತ್ ಉಳಿತಾಯಕ್ಕಾಗಿ ಇರುವ ಏರ್ಪಾಡು, ಅದು ದೋಷವಲ್ಲ. ಸಾಮಾನ್ಯವಾಗಿ ಇದನ್ನು ಹೊಂದಾಣಿಕೆಯಲ್ಲಿ ನಿಲ್ಲಿಸಬಹುದು.

ಧ್ವನಿ ಬಾರದಿರುವುದು

ದೀಪ ಉರಿಯುತ್ತಿದ್ದು ಧ್ವನಿ ಮಾತ್ರ ಬಾರದಿದ್ದರೆ ಮೊದಲು ಧ್ವನಿಮಟ್ಟದ ಗುಂಡಿಯನ್ನೂ ಹೆಡ್‌ಫೋನ್ ರಂಧ್ರವನ್ನೂ ನೋಡಬೇಕು. ಹೆಡ್‌ಫೋನ್ ತೆಗೆದ ಮೇಲೂ ಅದರ ಹೊಂದಿಕೆ ಪಿನ್ ರಂಧ್ರದಲ್ಲಿಯೇ ಉಳಿದರೆ ಸ್ಪೀಕರ್‌ಗಳು ಮೌನವಾಗಿರುತ್ತವೆ.

ಆಗಲೂ ಧ್ವನಿ ಬಾರದಿದ್ದರೆ ವಾದ್ಯದಲ್ಲಿ ಅಡಕವಾಗಿರುವ ಮಾದರಿ ಸಂಗೀತವನ್ನು ನುಡಿಸಿ ನೋಡಬೇಕು. ಅದು ಕೇಳಿಸಿ, ಕೀಲಿಗಳು ಮಾತ್ರ ಮೌನವಾಗಿದ್ದರೆ ಧ್ವನಿವರ್ಧನೆಯ ಭಾಗ ಸರಿಯಿದೆ ಎಂದರ್ಥ. ಆಗ ‘ಲೋಕಲ್ ಕಂಟ್ರೋಲ್’ ಎಂಬ ಹೊಂದಾಣಿಕೆಯನ್ನು ಪರಿಶೀಲಿಸಬೇಕು. ಇದು ನಿಂತಿದ್ದರೆ ಕೀಲಿಗಳಿಗೂ ಒಳಗಿನ ನಾದೋತ್ಪಾದಕಕ್ಕೂ ಸಂಪರ್ಕ ತಪ್ಪಿರುತ್ತದೆ. ಮಾದರಿ ಸಂಗೀತವು ಹೆಡ್‌ಫೋನಿನಲ್ಲಿ ಕೇಳಿಸಿ ಸ್ಪೀಕರಿನಲ್ಲಿ ಕೇಳಿಸದಿದ್ದರೆ ದೋಷವು ಸ್ಪೀಕರ್, ಅದರ ಆಂಪ್ಲಿಫೈಯರ್ ಅಥವಾ ಹೆಡ್‌ಫೋನ್ ರಂಧ್ರದ ಒಳಗಿನ ಸ್ವಿಚ್ಚಿನಲ್ಲಿರುತ್ತದೆ.

ಶ್ರುತಿ ವ್ಯತ್ಯಾಸ

ಎಲ್ಲ ಸ್ವರಗಳೂ ಒಂದೇ ಅಳತೆಯಲ್ಲಿ ಏರಿದಂತೆ ಅಥವಾ ಇಳಿದಂತೆ ಕೇಳಿಸಿದರೆ ಅದಕ್ಕೆ ‘ಟ್ರಾನ್ಸ್‌ಪೋಸ್’ ಹೊಂದಾಣಿಕೆ ಕಾರಣವಾಗಿರಬಹುದು. ಗಾಯಕರ ಶ್ರುತಿಗೆ ಒಗ್ಗುವಂತೆ ಇದನ್ನು ಬದಲಿಸಿ, ಮತ್ತೆ ಸೊನ್ನೆಗೆ ತರಲು ಮರೆಯುವುದುಂಟು. ವ್ಯತ್ಯಾಸವು ಅರ್ಧ ಸ್ವರಕ್ಕಿಂತ ಕಡಿಮೆಯಿದ್ದರೆ ಸೂಕ್ಷ್ಮ ಶ್ರುತಿಯ ಹೊಂದಾಣಿಕೆಯನ್ನು ನೋಡಬೇಕು. ಮಧ್ಯದ ‘ಸಿ’ ಕೀಲಿಯ ಬಲಕ್ಕಿರುವ ಮೊದಲ ‘ಎ’ ಸ್ವರಕ್ಕೆ ೪೪೦ ಹರ್ಟ್ಸ್ ಎಂಬುದು ಅಂತಾರಾಷ್ಟ್ರೀಯ ಮಾನದಂಡ.

ಕೀಲಿಗಳ ದೋಷಗಳು

ಒಂದು ಕೀಲಿ ನುಡಿಯದಿರುವುದು, ಅಥವಾ ಮೆಲ್ಲಗೆ ಒತ್ತಿದರೂ ಅತಿ ಜೋರಾಗಿ ನುಡಿಯುವುದು ಹಳೆಯ ವಾದ್ಯಗಳಲ್ಲಿ ಹೆಚ್ಚಾಗಿ ಕಾಣುವ ತೊಂದರೆ. ಸಂಪರ್ಕ ಬಿಂದುಗಳ ಮೇಲೆ ಧೂಳು ಕೂರುವುದು ಇದರ ಸಾಮಾನ್ಯ ಕಾರಣ. ತೇವಾಂಶ ಮತ್ತು ಒಳಸೇರುವ ಕೀಟಗಳಿಂದಲೂ ಹೀಗಾಗುತ್ತದೆ.

ದೋಷವು ಕೀಲಿಯದೋ ನಾದೋತ್ಪಾದಕದ್ದೋ ಎಂದು ತಿಳಿಯಲು ಯಾವ ಸಲಕರಣೆಯೂ ಬೇಡದ ಒಂದು ಪರೀಕ್ಷೆಯಿದೆ. ಟ್ರಾನ್ಸ್‌ಪೋಸ್ ಹೊಂದಾಣಿಕೆಯನ್ನು ಅರ್ಧ ಸ್ವರದಷ್ಟು ಏರಿಸಿ ಮತ್ತೆ ನುಡಿಸಬೇಕು. ಆಗಲೂ ಅದೇ ಕೀಲಿ ಮೌನವಾಗಿದ್ದರೆ ದೋಷ ಕೀಲಿಯ ಸಂವೇದಕದಲ್ಲಿದೆ. ಮೌನವು ಎಡಬದಿಯ ಪಕ್ಕದ ಕೀಲಿಗೆ ಸರಿದರೆ ದೋಷ ನಾದೋತ್ಪಾದಕದಲ್ಲಿದೆ.

ಗಣಕದ ನೆರವಿನಿಂದಲೂ ಇದನ್ನು ಪರೀಕ್ಷಿಸಬಹುದು. ೧೯೮೩ರಲ್ಲಿ ಬಳಕೆಗೆ ಬಂದ ಮಿಡಿ ಎಂಬ ಸಂವಹನ ಪದ್ಧತಿಯಲ್ಲಿ ಪ್ರತಿ ಕೀಲಿಗೂ ಒಂದು ಸಂಖ್ಯೆಯಿದೆ. ಮಧ್ಯದ ‘ಸಿ’ ಸ್ವರದ ಸಂಖ್ಯೆ ೬೦. ಹೊಡೆತದ ಬಲವು ೧ರಿಂದ ೧೨೭ರವರೆಗಿನ ಅಂಕಿಯಾಗಿ ರವಾನೆಯಾಗುತ್ತದೆ. ಮೆಲ್ಲಗೆ ಒತ್ತಿದರೂ ೧೨೭ ಎಂದೇ ತೋರಿಸುವ ಕೀಲಿಯ ಸಂಪರ್ಕ ಕೆಟ್ಟಿದೆ ಎಂದು ಊಹಿಸಬಹುದು. ಒಂದೇ ಕಡೆ ಸಾಲಾಗಿ, ಅಥವಾ ನಿಯತ ಅಂತರದಲ್ಲಿ ಹಲವು ಕೀಲಿಗಳು ಒಟ್ಟಿಗೆ ಕೆಟ್ಟಿದ್ದರೆ ಒಳಗಿನ ಪಟ್ಟಿ ತಂತಿ ಅಥವಾ ಮಂಡಲ ಫಲಕದ ದೋಷವನ್ನು ಶಂಕಿಸಬೇಕು.

ಸಂಪರ್ಕ ಪಟ್ಟಿಗಳನ್ನು ನೂಲೆಳೆ ಬಿಡದ ಬಟ್ಟೆ ಮತ್ತು ಐಸೋಪ್ರೊಪೈಲ್ ಆಲ್ಕೊಹಾಲ್ ಬಳಸಿ ಹಗುರವಾಗಿ ಒರೆಸಬಹುದು. ಉಜ್ಜಿದರೆ ಇಂಗಾಲದ ಲೇಪ ಕಿತ್ತುಬರುತ್ತದೆ. ಕೀಲಿಗಳು ತಳಕ್ಕೆ ಬಡಿದು ಟಕಟಕ ಸದ್ದು ಮಾಡಿದರೆ ಕೆಳಗಿನ ಉಣ್ಣೆಯ ಪಟ್ಟಿ ಸವೆದಿರಬಹುದು.

ಪೆಡಲ್ ದೋಷಗಳು

ಪೆಡಲ್ ಒತ್ತದಿದ್ದಾಗ ಸ್ವರಗಳು ಮುಂದುವರಿದು, ಒತ್ತಿದಾಗ ನಿಲ್ಲುವುದು ಹೊರಗಿನಿಂದ ಜೋಡಿಸುವ ಪೆಡಲ್‌ಗಳಲ್ಲಿ ಕಾಣುವ ತೊಂದರೆ. ಪೆಡಲ್ ಒಳಗಿನ ಸ್ವಿಚ್ಚು ಕೆಲವು ಕಂಪನಿಗಳಲ್ಲಿ ವಿರಾಮಸ್ಥಿತಿಯಲ್ಲಿ ತೆರೆದಿರುತ್ತದೆ, ಕೆಲವುಗಳಲ್ಲಿ ಮುಚ್ಚಿರುತ್ತದೆ; ಇವೆರಡೂ ಹೊಂದಿಕೆಯಾಗದಿದ್ದಾಗ ಹೀಗಾಗುತ್ತದೆ. ಹಲವು ವಾದ್ಯಗಳು ಚಾಲನೆಗೊಳ್ಳುವಾಗ ಪೆಡಲ್ ಇರುವ ಸ್ಥಿತಿಯನ್ನೇ ವಿರಾಮಸ್ಥಿತಿ ಎಂದು ಗ್ರಹಿಸುತ್ತವೆ. ಆದುದರಿಂದ ವಾದ್ಯವನ್ನು ಆರಿಸಿ, ಪೆಡಲ್ ಜೋಡಿಸಿ, ಅದರ ಮೇಲೆ ಕಾಲಿಡದೆ ಮತ್ತೆ ಚಾಲನೆ ಮಾಡಬೇಕು. ಕೆಲವು ಪೆಡಲ್‌ಗಳ ತಳದಲ್ಲಿ ಇದಕ್ಕಾಗಿಯೇ ಒಂದು ಸಣ್ಣ ಸ್ವಿಚ್ಚು ಇರುತ್ತದೆ.

ಗಣಕ ಸಂಪರ್ಕದ ತೊಂದರೆಗಳು

ಗಣಕಕ್ಕೆ ಜೋಡಿಸಿದಾಗ ಪ್ರತಿ ಸ್ವರವೂ ಎರಡು ಬಾರಿ ಕೇಳಿಸಿದರೆ ವಾದ್ಯದ ಸ್ವಂತ ನಾದ ಮತ್ತು ಗಣಕದಿಂದ ಮರಳಿದ ನಾದ ಎರಡೂ ಬರುತ್ತಿವೆ ಎಂದರ್ಥ. ಲೋಕಲ್ ಕಂಟ್ರೋಲ್ ನಿಲ್ಲಿಸಿದರೆ ಇದು ಸರಿಹೋಗುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಮತ್ತೆ ಆರಂಭಿಸಲು ಮರೆಯಬಾರದು. ಬ್ಲೂಟೂತ್ ಹೆಡ್‌ಫೋನಿನಲ್ಲಿ ನಾದವು ತಡವಾಗಿ ಕೇಳಿಸುವುದು ಆ ತಂತ್ರಜ್ಞಾನದ ಮಿತಿ. ಅಭ್ಯಾಸಕ್ಕೆ ತಂತಿಯುಳ್ಳ ಹೆಡ್‌ಫೋನ್ ಸೂಕ್ತ.

ಅನಗತ್ಯ ಸದ್ದುಗಳು

ಯಾವುದೋ ಒಂದು ಸ್ವರಕ್ಕೆ ಮಾತ್ರ ಝಣ್ ಎಂಬ ಸದ್ದು ಸೇರಿದರೆ ಹೆಡ್‌ಫೋನಿನಲ್ಲಿ ಕೇಳಿ ನೋಡಬೇಕು. ಅಲ್ಲಿ ಅದು ಇಲ್ಲದಿದ್ದರೆ ಸ್ಪೀಕರ್, ಸಡಿಲವಾದ ತಿರುಪು ಅಥವಾ ಕೋಣೆಯಲ್ಲಿರುವ ವಸ್ತು ಕಾರಣ. ಗೋಡೆಯ ಚಿತ್ರಪಟದ ಗಾಜೂ ಆ ಸ್ವರಕ್ಕೆ ಅನುರಣಿಸಬಲ್ಲದು. ಎಡೆಬಿಡದ ಗುಂಯ್‌ಗುಡುವಿಕೆ ಗಣಕಕ್ಕೆ ಅಥವಾ ಹೊರಗಿನ ಆಂಪ್ಲಿಫೈಯರಿಗೆ ಜೋಡಿಸಿದಾಗ ಮಾತ್ರ ಬಂದರೆ ಭೂಸಂಪರ್ಕದ ದೋಷವನ್ನು ಶಂಕಿಸಬಹುದು.

ಮೂಲಸ್ಥಿತಿಗೆ ಮರಳಿಸುವುದು

ಕಾರಣ ತಿಳಿಯದಿದ್ದಾಗ ಎಲ್ಲ ಹೊಂದಾಣಿಕೆಗಳನ್ನೂ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸಬಹುದು. ಇದರ ವಿಧಾನವು ಆಯಾ ಮಾದರಿಯ ಕೈಪಿಡಿಯಲ್ಲಿರುತ್ತದೆ. ಹೀಗೆ ಮಾಡಿದಾಗ ವಾದ್ಯದಲ್ಲಿ ಮುದ್ರಿಸಿಟ್ಟ ಸ್ವಂತ ನುಡಿಸುವಿಕೆಯೂ ಅಳಿಸಿಹೋಗಬಹುದಾದ್ದರಿಂದ ಅದರ ಪ್ರತಿಯನ್ನು ಮೊದಲೇ ತೆಗೆದಿಟ್ಟುಕೊಳ್ಳಬೇಕು.

ರಕ್ಷಣೆ ಮತ್ತು ಎಚ್ಚರಿಕೆ

ನುಡಿಸದಿರುವಾಗ ವಾದ್ಯಕ್ಕೆ ಬಟ್ಟೆ ಹೊದಿಸುವುದು, ಗುಡುಗು ಸಿಡಿಲಿನ ವೇಳೆ ಪ್ಲಗ್ ಕಿತ್ತಿಡುವುದು, ವಾದ್ಯದ ಮೇಲೆ ನೀರಿನ ಲೋಟ ಇಡದಿರುವುದು ಉತ್ತಮ ರೂಢಿಗಳು. ಮಳೆಗಾಲದಲ್ಲಿ, ವಿಶೇಷವಾಗಿ ಕರಾವಳಿ ಮತ್ತು ಮಲೆನಾಡಿನಲ್ಲಿ, ವಾದ್ಯವನ್ನು ತೇವದ ಗೋಡೆಗೆ ತಾಗಿಸಿ ಇಡಬಾರದು. ನೀರು ಬಿದ್ದರೆ ಕೂಡಲೇ ವಿದ್ಯುತ್ ಕಡಿದು, ಸಂಪೂರ್ಣ ಒಣಗುವವರೆಗೆ ಚಾಲನೆ ಮಾಡಬಾರದು.

ಖಾತರಿ ಅವಧಿಯಲ್ಲಿ ವಾದ್ಯವನ್ನು ಬಿಚ್ಚಿದರೆ ಖಾತರಿ ರದ್ದಾಗಬಹುದು. ಗೋಡೆಯ ವಿದ್ಯುತ್ತನ್ನು ನೇರವಾಗಿ ಒಳಗೆ ಪಡೆಯುವ ಮಾದರಿಗಳಲ್ಲಿ ಪ್ಲಗ್ ತೆಗೆದ ಬಳಿಕವೂ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ಅಂತಹವನ್ನು ಅನುಭವಿ ತಂತ್ರಜ್ಞರೇ ತೆರೆಯಬೇಕು. ಮೇಲಿನ ಪರೀಕ್ಷೆಗಳಲ್ಲಿ ಕಂಡದ್ದನ್ನು ಬರೆದಿಟ್ಟು ಅವರಿಗೆ ತಿಳಿಸಿದರೆ ದುರಸ್ತಿಯ ಕಾಲವೂ ವೆಚ್ಚವೂ ತಗ್ಗುತ್ತವೆ.